ಮೊದಲ ಮಹಾಯುದ್ಧದಲ್ಲಿ ಸತ್ತ ಅಧಿಕಾರಿಯ ಕತೆಯನ್ನು ಬೆಂಗಳೂರಿನಲ್ಲೇ ಕೂತು ಹುಡುಕುವುದು ಹೇಗೆ

ನೂರು ವರ್ಷದ ಹಿಂದೆ ಫ್ರಾನ್ಸಿನಲ್ಲಿ ಸತ್ತವರ ಬಗ್ಗೆ ಬರೆಯಲು ಲಂಡನ್ನಿಗೆ ಹೋಗಬೇಕಿಲ್ಲ. ಒಂದು ಫೋನು, ಒಂದು ನೋಟ್‌ಬುಕ್ ಇದ್ದರೆ ಮುಕ್ಕಾಲು ಕೆಲಸ ಮನೆಯಲ್ಲೇ ಆಗುತ್ತದೆ. ಉದಾಹರಣೆಗೆ ಲೆಫ್ಟಿನೆಂಟ್ ಫ್ರಾಂಕ್ ಅಲೆಕ್ಸಾಂಡರ್ ಡಿ ಪಾಸ್ ಅವರನ್ನೇ ತಗೊಳ್ಳೋಣ. ಲಂಡನ್ನಿನ ಯಹೂದಿ ಮನೆತನದವರು. ಸೇವೆ ಮಾಡಿದ್ದು ಭಾರತದ ಪೂನಾ ಹಾರ್ಸ್ ಅನ್ನೋ ಕುದುರೆ ಸವಾರರ ರೆಜಿಮೆಂಟಿನಲ್ಲಿ. ಇಂಥವರ ಕತೆ ಕನ್ನಡದಲ್ಲೂ ಬರಬೇಕು ಅನ್ನೋದು ನನ್ನ ಆಸೆ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹುಡುಕಾಟವನ್ನು ಸಾವಿನಿಂದ ಶುರು ಮಾಡಿ. ಹುಟ್ಟಿನಿಂದ ಶುರು ಮಾಡಿದರೆ ಒಂದೇ ಹೆಸರಿನ ಹತ್ತು ಜನ ಸಿಗುತ್ತಾರೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಸೇನೆಗಳಲ್ಲಿದ್ದು ಸತ್ತವರ ಪಟ್ಟಿ ಇದೆ, ದುಡ್ಡು ಕೊಡಬೇಕಿಲ್ಲ. ಮನೆತನದ ಹೆಸರು ಮತ್ತು ವರ್ಷ ಹಾಕಿ. 'ಡಿ ಪಾಸ್' ಥರದ ಹೆಸರನ್ನು ಸೇರಿಸಿಯೂ ಬಿಡಿಸಿಯೂ ಹಾಕಿ ನೋಡಿ. 34ನೇ ಪೂನಾ ಹಾರ್ಸ್, ಸತ್ತಿದ್ದು 25 ನವೆಂಬರ್ 1914, ಸಮಾಧಿ ಫ್ರಾನ್ಸಿನ ಬೆಥೂನ್ ಪಟ್ಟಣದ ಸ್ಮಶಾನದಲ್ಲಿ. ಇಷ್ಟು ಸಿಕ್ಕರೆ ಬುಡ ಗಟ್ಟಿಯಾಯಿತು.

ಆಮೇಲೆ ಲಂಡನ್ ಗೆಜೆಟ್, ಅಂದರೆ ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆ. ಪದಕಗಳ ಅಧಿಕೃತ ಪ್ರಕಟಣೆ ಬರುತ್ತಿದ್ದದ್ದು ಅದರಲ್ಲಿ, ಹಳೆಯ ಸಂಚಿಕೆಗಳೆಲ್ಲ ಆನ್‌ಲೈನ್ ಇವೆ. ಡಿ ಪಾಸ್ ಅವರಿಗೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಕೊಟ್ಟ ಸುದ್ದಿ ಬಂದಿದ್ದು 18 ಫೆಬ್ರವರಿ 1915ರಂದು, ಅವರು ಸತ್ತ ಮೇಲೆ. ನಾಲ್ಕೈದು ಸಾಲು ಅಷ್ಟೇ, ಆದರೆ ನಿಧಾನವಾಗಿ ಓದಿ. ಫ್ರಾನ್ಸಿನ ಫೆಸ್ಟುಬೆರ್ ಹತ್ತಿರ ಜರ್ಮನ್ನರು ಭಾರತೀಯ ಸೇನೆಯ ಕಡೆಗೆ ಒಂದು ಇಕ್ಕಟ್ಟಾದ ಕಂದಕ ತೋಡಿಕೊಂಡು ಬಂದಿದ್ದರು. ನವೆಂಬರ್ 24ರಂದು ಡಿ ಪಾಸ್ ಅದರೊಳಗೆ ನುಗ್ಗಿ, ಮೇಲೆ ಬಾಂಬು ಬೀಳುತ್ತಿರುವಾಗಲೇ ಅಲ್ಲಿದ್ದ ಮಣ್ಣಿನ ಅಡ್ಡಗೋಡೆಯನ್ನು ಉಡಾಯಿಸಿದರು. ಆಮೇಲೆ ಗುಂಡಿನ ಮಳೆಯಲ್ಲಿ ಬಯಲಲ್ಲಿ ಬಿದ್ದಿದ್ದ ಗಾಯಾಳುವೊಬ್ಬನನ್ನು ಹೊತ್ತು ತಂದರು. ಮಾರನೇ ದಿನ ಶತ್ರುಗಳು ಮತ್ತೆ ಹಿಡಿದಿದ್ದ ಅದೇ ಕಂದಕವನ್ನು ವಾಪಸ್ ಪಡೆಯಲು ಹೋಗಿ ಪ್ರಾಣ ಬಿಟ್ಟರು. ಆಗ ವಯಸ್ಸು 27.

ಈಗ ಹಿಂದಕ್ಕೆ ಹೋಗಿ. ಹುಟ್ಟಿದ್ದು 26 ಏಪ್ರಿಲ್ 1887, ಓದಿದ್ದು ರಗ್ಬಿ ಶಾಲೆ ಮತ್ತು ವುಲಿಚ್ ಸೈನಿಕ ಅಕಾಡೆಮಿಯಲ್ಲಿ. 1906ರಲ್ಲಿ ಫಿರಂಗಿ ದಳ, 1909ರಲ್ಲಿ ಪೂನಾ ಹಾರ್ಸ್. ಇದಕ್ಕೆ ಎರಡು ಸಾಲು ಸಾಕು. ಬದಲು ಕುದುರೆ ಸವಾರರು ಕೆಸರಿನ ಕಂದಕದಲ್ಲಿ ಯಾಕಿದ್ದರು ಅಂತ ವಿವರಿಸಿ. ಪೂನಾ ಹಾರ್ಸ್ ಇದ್ದದ್ದು ಸಿಕಂದರಾಬಾದ್ ಕ್ಯಾವಲ್ರಿ ಬ್ರಿಗೇಡಿನಲ್ಲಿ. ಆ ಚಳಿಗಾಲಕ್ಕೆ ಯುದ್ಧ ಕಂದಕಗಳಲ್ಲೇ ನಿಂತುಬಿಟ್ಟಿತ್ತು, ಹಾಗಾಗಿ ಕುದುರೆ ಬಿಟ್ಟು ಇಳಿದು ಕಾದಾಡಬೇಕಾಯಿತು.

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಈಗ ಬರುತ್ತದೆ. ಅಧಿಕಾರಿಯ ಕತೆ ಸುಲಭವಾಗಿ ಸಿಗುತ್ತದೆ, ಜೊತೆಗಿದ್ದ ಸಿಪಾಯಿಗಳದ್ದು ಸಿಗುವುದಿಲ್ಲ. ದಯವಿಟ್ಟು ಅಲ್ಲಿಗೇ ನಿಲ್ಲಿಸಬೇಡಿ. ಭಾರತೀಯ ಸೇನೆ ಫ್ರಾನ್ಸಿನಲ್ಲಿ ಹೋರಾಡಿದ್ದರ ಹಳೆಯ ಇತಿಹಾಸಗಳು ಹಳೆಯ ಪುಸ್ತಕಗಳನ್ನು ಇಟ್ಟಿರುವ ಇಂಟರ್ನೆಟ್ ಆರ್ಕೈವ್ ವೆಬ್‌ಸೈಟಿನಲ್ಲಿ ಸಿಗುತ್ತವೆ. ಅಲ್ಲಿ ಹುಡುಕಿದರೆ ಡಿ ಪಾಸ್ ಜೊತೆ ಆ ಕಂದಕದಲ್ಲಿ ತೆವಳಿಕೊಂಡು ಹೋದ ಸವಾರರ ಹೆಸರು ಸಿಗುತ್ತದೆ: ಫತೇ ಖಾನ್, ಫರ್ಮಾನ್ ಶಾ. ಗೆಜೆಟ್ಟಿನಲ್ಲಿ ಸುಮ್ನೆ 'ಗಾಯಗೊಂಡವನು' ಅಂತಿರುವ ವ್ಯಕ್ತಿ 58ನೇ ರೈಫಲ್ಸ್‌ನ ಒಬ್ಬ ಭಾರತೀಯ ಸಿಪಾಯಿ ಅಂತಲೂ ಗೊತ್ತಾಗುತ್ತದೆ. ಭಾರತೀಯ ಹೆಸರುಗಳ ಸ್ಪೆಲ್ಲಿಂಗ್ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಅದಕ್ಕೆ ಹೆಸರಿಗಿಂತ ರೆಜಿಮೆಂಟ್ ಮತ್ತು ತಾರೀಖು ಹಿಡಿದು ಹುಡುಕುವುದು ವಾಸಿ. ಸಮಾಧಿಯೇ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಫ್ರಾನ್ಸಿನ ನವ್ ಶಪೆಲ್ ಸ್ಮಾರಕದಲ್ಲಿದೆ. ಅದೇ ವಾರ ಸತ್ತವರನ್ನು ಅಲ್ಲೂ ನೋಡಿ.

ಯಹೂದಿ ಅನ್ನೋ ವಿಷಯ ಹೇಗೆ ಬರೆಯೋದು? ಡಿ ಪಾಸ್ ಮನೆತನ ಸೆಫಾರ್ದಿ, ಅಂದರೆ ಮೂಲದಲ್ಲಿ ಸ್ಪೇನ್, ಪೋರ್ಚುಗಲ್ ಕಡೆಯ ಯಹೂದಿಗಳು. ಯುದ್ಧದಲ್ಲಿದ್ದ ಯಹೂದಿಗಳ ಹೆಸರು ಸೇರಿಸಿ 1922ರಲ್ಲಿ ಬಂದ 'ಬ್ರಿಟಿಷ್ ಜ್ಯೂರಿ ಬುಕ್ ಆಫ್ ಆನರ್' ನೋಡಿ. ಆದರೆ ಅವರಿಗೆ ದೇವರ ಮೇಲೆ ಎಷ್ಟು ನಂಬಿಕೆ ಇತ್ತು, ಸಾಯುವಾಗ ಏನು ಯೋಚಿಸಿದರು ಅಂತೆಲ್ಲ ಕಲ್ಪಿಸಬೇಡಿ. ಸತ್ತವರ ಬಾಯಿಗೆ ಮಾತು ತುರುಕುವುದು ತಪ್ಪಲ್ವಾ? ಅವರ ಸಂಪ್ರದಾಯ ತಿಳಿಯಬೇಕಿದ್ದರೆ ನಮ್ಮೂರಲ್ಲೇ ಮೈಸೂರು ರಸ್ತೆಯಲ್ಲಿ ಯಹೂದಿಗಳ ಸ್ಮಶಾನ ಇದೆ. ಅನುಮತಿ ಕೇಳಿಯೇ ಹೋಗಿ. ಸಮಾಧಿಯ ಮೇಲೆ ಹೂವಿನ ಬದಲು ಚಿಕ್ಕ ಕಲ್ಲು ಇಡುವುದು ಅವರ ರೂಢಿ.

ಇನ್ನು ಜನ ಜಾಸ್ತಿ ಎಡವುವುದು 'ಮೊದಲಿಗ' ಅನ್ನೋ ಮಾತಿನಲ್ಲಿ. ಡಿ ಪಾಸ್ ಮೊದಲ ಮಹಾಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಯಹೂದಿ. ಆ ಯುದ್ಧದಲ್ಲಿ ಭಾರತೀಯ ಸೇನೆಗೆ ಬಂದ ಮೊದಲ ವಿಕ್ಟೋರಿಯಾ ಕ್ರಾಸ್ ಅವರದಲ್ಲ. ಖುದಾದಾದ್ ಖಾನ್ 1914ರ ಅಕ್ಟೋಬರ್ 31ರಂದೇ ಆ ಪದಕ ಗಳಿಸುವ ಸಾಹಸ ಮಾಡಿದ್ದರು. ಹಾಗೆಯೇ ಹೈಫಾ ಕತೆಯನ್ನು ಇದಕ್ಕೆ ಬೆರೆಸಬೇಡಿ. ಜೆ.ಸಿ. ನಗರದಲ್ಲಿ ಸ್ಮಾರಕ ಇರುವ ಮೈಸೂರು ಲ್ಯಾನ್ಸರ್ಸ್, ಅಂದರೆ ಮೈಸೂರು ಸಂಸ್ಥಾನದ ಕುದುರೆ ದಳ, ಹೈಫಾದಲ್ಲಿ ಹೋರಾಡಿದ್ದು 23 ಸೆಪ್ಟೆಂಬರ್ 1918ರಂದು. ಈ ಊರು ಈಗ ಇಸ್ರೇಲಿನಲ್ಲಿದೆ, ಆದರೆ ಡಿ ಪಾಸ್ ಅವರಿಗೂ ಅದಕ್ಕೂ ಸಂಬಂಧವಿಲ್ಲ. ಆ ಸ್ಮಾರಕಕ್ಕೆ ಹೋಗಿ ಬನ್ನಿ, ಅದರ ಕತೆ ಬೇರೆಯಾಗಿ ಬರೆಯಿರಿ.

ಕೊನೆಯಲ್ಲಿ ಅವರ ನಂತರ ಏನು ಉಳಿಯಿತು ಅಂತ ಬರೆಯಿರಿ. ಪದಕ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಮ್ಮಿನಲ್ಲಿದೆ. 2014ರಲ್ಲಿ ಲಂಡನ್ನಿನಲ್ಲಿ ಅವರ ಹೆಸರಿನ ನೆನಪಿನ ಕಲ್ಲು ಹಾಕಿದರು. ಪೂನಾ ಹಾರ್ಸ್ ಇವತ್ತಿಗೂ ಭಾರತದ ಸೇನೆಯಲ್ಲಿದೆ. 1965ರಲ್ಲಿ ಎ.ಬಿ. ತಾರಾಪೋರ್, 1971ರಲ್ಲಿ ಅರುಣ್ ಖೇತರ್‌ಪಾಲ್ ಪರಮವೀರ ಚಕ್ರ ಗಳಿಸಿದ್ದು ಇದೇ ರೆಜಿಮೆಂಟಿನಿಂದ, ಇಬ್ಬರಿಗೂ ಮರಣೋತ್ತರ. ಬರೆದು ಮುಗಿದ ಮೇಲೆ ಪ್ರತಿ ತಾರೀಖನ್ನೂ ಎರಡು ಕಡೆ ತಾಳೆ ನೋಡಿ. ತಾಳೆಯಾಗದ್ದನ್ನು ತೆಗೆದುಹಾಕಿ, ಆಮೇಲೆ ಪ್ರಕಟಿಸಿ.