ಟರ್ಕಿಶ್ ಗೊತ್ತಿದ್ರೆ ಸಾಲದು, ಬಟ್ಟೆ ಗೊತ್ತಿರ್ಬೇಕು

ಟರ್ಕಿಯ ಬುರ್ಸಾದ ಮಿಲ್ಲಿಂದ ಶರ್ಟಿಂಗ್ ಬಟ್ಟೆಯ ಸ್ಪೆಕ್ ಶೀಟ್, ಅಂದ್ರೆ ಬಟ್ಟೆಯ ಪೂರ್ತಿ ವಿವರದ ಪಟ್ಟಿ, ಬಂದಾಗ ನಾನೂ ಎಲ್ಲರ ಹಾಗೇ ಅದನ್ನ ಫೋನಿನ ಟ್ರಾನ್ಸ್‌ಲೇಟರ್‌ಗೆ ಹಾಕಿದ್ದೆ, "ಸ್ಕಾರ್ಫ್ ಸಾಂದ್ರತೆ 24" ಅಂತ ಬಂತು. ಯಾವ ಸ್ಕಾರ್ಫು ಮಾರಾಯ್ರೆ? ಆಮೇಲೆ ಗೊತ್ತಾಯ್ತು, ಟರ್ಕಿಶ್‌ನಲ್ಲಿ ‘ಅತ್ಕಿ’ ಅಂದ್ರೆ ಕುತ್ತಿಗೆಗೆ ಸುತ್ಕೊಳ್ಳೋ ಮಫ್ಲರೂ ಹೌದು, ಮಗ್ಗದಲ್ಲಿ ಅಡ್ಡ ಹೋಗೋ ಹೊಕ್ಕು ನೂಲೂ ಹೌದು. ‘ಇಲಿಕ್’ ಅಂದ್ರೆ ಕಾಜಾ, ಮೂಳೆ ಒಳಗಿನ ಮಜ್ಜೆಗೂ ಅದೇ ಪದ. ‘ತೋಪ್’ ಅಂದ್ರೆ ಚೆಂಡು, ಬಟ್ಟೆಯವರಿಗೆ ಥಾನು, ಅಂದ್ರೆ ಸುತ್ತಿಟ್ಟ ಇಡೀ ಬಟ್ಟೆ.

ಹಾಗಾಗಿ ಫೋನ್ ನಂಬೋದು ಬಿಟ್ಟು ಬಟ್ಟೆ ಗೊತ್ತಿರೋ ಅನುವಾದಕರನ್ನೇ ಹುಡುಕ್ಬೇಕು. ಹುಡುಕೋ ಮೊದ್ಲು ನಿಮಗೆ ಬೇಕಾಗಿರೋದು ಏನು ಅಂತ ನೋಡ್ಕೊಳ್ಳಿ. ಸ್ಪೆಕ್ ಶೀಟು, ಲ್ಯಾಬ್ ರಿಪೋರ್ಟು ಬರವಣಿಗೆ ಕೆಲಸ, ಅದು ಒಂದು ಥರ. ಫ್ಯಾಕ್ಟರಿಗೆ ಹೋಗಿ ಪಕ್ಕದಲ್ಲೇ ನಿಂತು ಬಾಯಲ್ಲಿ ಹೇಳೋದು ಬೇರೆ ಕೆಲಸ, ಬರೆಯೋದ್ರಲ್ಲಿ ಪಂಟರ್ ಆದವರು ಅಲ್ಲಿ ತಡವರಿಸ್ತಾರೆ. ಇನ್ನು ಅಗ್ರಿಮೆಂಟ್ ಅಲ್ಲಿನ ಸರ್ಕಾರಿ ಆಫೀಸಿಗೆ ಹೋಗ್ಬೇಕು ಅಂದ್ರೆ ‘ಯೆಮಿನ್‌ಲಿ ತೆರ್ಜುಮಾನ್’ ಬೇಕು, ಅಂದ್ರೆ ನೋಟರಿ ಮುಂದೆ ಪ್ರಮಾಣ ಮಾಡಿರೋ ಅನುವಾದಕರು.

ಹುಡುಕೋಕೆ ಪ್ರೋಝ್ (ProZ) ಅನ್ನೋ ಅನುವಾದಕರ ಸೈಟ್ ಇದೆ, ಅದರಲ್ಲಿ ಟೆಕ್ಸ್‌ಟೈಲ್ ಮತ್ತು ಫ್ಯಾಷನ್ ಅಂತಲೇ ಒಂದು ವಿಭಾಗ ಸಿಗುತ್ತೆ. ಆದ್ರೆ ಅದಕ್ಕೆ ಟಿಕ್ ಹಾಕೋಕೆ ದುಡ್ಡು ಬೇಕಾ, ಸಿಕ್ಕಸಿಕ್ಕೋರೆಲ್ಲ ಹಾಕಿರ್ತಾರೆ. ಬಯೋಡೇಟಾ ನೋಡಿ. ಮಿಲ್ಲಿನ ಎಕ್ಸ್‌ಪೋರ್ಟ್ ಸೆಕ್ಷನ್‌ನಲ್ಲಿ ಕೂತಿದ್ರಾ, ಇಝ್ಮಿರ್‌ನ ಏಗೆ ಯೂನಿವರ್ಸಿಟಿ ಥರದ ಕಡೆ ಟೆಕ್ಸ್‌ಟೈಲ್ ಇಂಜಿನಿಯರಿಂಗ್ ಓದಿದ್ದಾರಾ? ಊರೂ ನೋಡಿ: ಟವೆಲ್‌ಗೆ ಡೆನಿಝ್ಲಿ, ಕಾರ್ಪೆಟ್‌ಗೆ ಗಾಝಿಯಾಂತೆಪ್, ರೆಡಿಮೇಡ್‌ಗೆ ಇಸ್ತಾಂಬುಲ್‌ನ ಮೆರ್ತೆರ್, ಒಸ್ಮಾನ್‌ಬೇ. ಕನ್ನಡಕ್ಕೆ ನೇರ ಮಾಡೋರನ್ನ ಹುಡುಕ್ತಾ ಟೈಮ್ ಕಳೀಬೇಡಿ, ಇಂಗ್ಲಿಷ್ ಮೂಲಕ ಬಂದ್ರೆ ಸಾಕು.

ಇಬ್ಬರು ಮೂವರು ಸಿಕ್ಕಿದ್ಮೇಲೆ ಅರ್ಧ ಪುಟ ಟೆಸ್ಟ್ ಕೊಡಿ, ದುಡ್ಡು ಕೊಟ್ಟೇ ಕೊಡಿ, ಬಿಟ್ಟಿ ಬೇಡ. ಅದರಲ್ಲಿ ‘ಫಾಸೋನ್’ ಇರ್ಲಿ, ಅದು ನಮ್ಮ ಜಾಬ್ ವರ್ಕು, ಬೇರೆಯವರಿಗೆ ಕೂಲಿ ಲೆಕ್ಕದಲ್ಲಿ ಮಾಡ್ಕೊಡೋ ಕೆಲಸ. ‘ಹಾಸ್ಲಿಕ್’ ಇರ್ಲಿ, ಅಂದ್ರೆ ಬಣ್ಣ ಹೋಗದೆ ಗಟ್ಟಿ ನಿಲ್ಲೋದು. ‘ಪಾಸ್ತಾಲ್’ ಇರ್ಲಿ, ಕಟಿಂಗ್ ಟೇಬಲ್ ಮೇಲೆ ಪದರ ಪದರ ಹಾಸೋದು. ‘ಆಸ್ತಾರ್’ ಮಾತ್ರ ಕೇಳ್ಬೇಡಿ, ನಮ್ಮ ಬ್ಲೌಸ್ ಹೊಲಿಯೋರಿಗೂ ಗೊತ್ತು, ಅದೇ ಅಸ್ತರ್, ಒಳಗಿನ ಲೈನಿಂಗ್! ಗೊತ್ತಿಲ್ಲದ ಪದಕ್ಕೆ ಸುಮ್ನೆ ಏನೋ ಬರೆದವರಿಗಿಂತ "ಸ್ಯಾಂಪಲ್ ಫೋಟೋ ಕಳ್ಸಿ" ಅಂತ ವಾಪಸ್ ಕೇಳಿದವರನ್ನ ನಾನು ಇಟ್ಕೋತೀನಿ.

ರೇಟ್ ವಿಷಯದಲ್ಲಿ ಹುಷಾರು. ಟರ್ಕಿಯಲ್ಲಿ ಸಾಮಾನ್ಯವಾಗಿ ಸ್ಪೇಸ್ ಎಣಿಸದೆ 1000 ಅಕ್ಷರಕ್ಕೆ ಒಂದು ಪುಟ ಅಂತ ಲೆಕ್ಕ, ಟರ್ಕಿ ಹೊರಗಿನ ಅನುವಾದಕರು ಪದಕ್ಕೆ ಇಷ್ಟು ಅಂತಾರೆ. ಟರ್ಕಿಶ್ ನಮ್ಮ ಕನ್ನಡದ ಥರಾನೇ, ಕ್ರಿಯಾಪದ ಕೊನೆಗೆ, ಪ್ರತ್ಯಯ ಎಲ್ಲ ಪದದ ಬಾಲಕ್ಕೆ. ‘ಕುಮಾಶ್‌ಲಾರ್‌ದಾನ್’ ಅಂದ್ರೆ ಬಟ್ಟೆ-ಗಳ-ಇಂದ, ಒಂದೇ ಪದ, ಇಂಗ್ಲಿಷ್‌ಗೆ ಹೋದ್ರೆ ಎರಡು ಮೂರು ಆಗುತ್ತೆ. ಲೆಕ್ಕ ಯಾವ ಭಾಷೆಯ ಪದಕ್ಕೆ ಅಂತ ಮೊದ್ಲೇ ಮೇಲ್‌ನಲ್ಲಿ ಬರೆಸ್ಕೊಳ್ಳದಿದ್ರೆ ಬಿಲ್ ನೋಡಿ ತಲೆ ತಿರುಗುತ್ತೆ.

ಮೊದಲ ಆರ್ಡರಿಂದಾನೇ ಒಂದು ಎಕ್ಸೆಲ್ ಶೀಟ್ ಇಡಿ: ಟರ್ಕಿಶ್ ಪದ, ನಿಮ್ಮ ಫ್ಲೋರ್‌ನಲ್ಲಿ ಹೇಳೋ ಪದ, ಫೋಟೋ. ಟರ್ಕಿಯವ್ರು ನಮಗಿಂತ ಎರಡೂವರೆ ಗಂಟೆ ಹಿಂದೆ, ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡಿದ್ರೆ ಅಲ್ಲಿ ಆರೂವರೆ. ಬಕ್ರೀದ್‌ಗೆ ಅಲ್ಲಿ ನಾಲ್ಕೂವರೆ ದಿನ ಅಧಿಕೃತ ರಜೆ, ಮಿಲ್ಲೂ ಬಂದ್, ಟ್ರಾನ್ಸ್‌ಲೇಟರೂ ಊರಿಗೆ. ಲ್ಯಾಬ್ ರಿಪೋರ್ಟ್ ಏನಿದ್ರೂ ಅದಕ್ಕಿಂತ ಮುಂಚೆನೇ ಕಳಿಸ್ಬಿಡಿ.