ಹೆಂಪ್ ಬೆಳೆಯಬಹುದೇ? ಬೀಜ ಕೊಳ್ಳುವ ಮೊದಲು ಇದನ್ನು ಓದಿ

ಹೆಂಪ್ ಬೆಳೆದರೆ ಎಕರೆಗೆ ಲಕ್ಷಗಟ್ಟಲೆ ಆದಾಯ ಎನ್ನುವ ವಿಡಿಯೊಗಳು ಈಗ ಎಲ್ಲರ ಮೊಬೈಲಿಗೂ ಬರುತ್ತಿವೆ. ಶುಂಠಿಗೆ ಕೊಳೆರೋಗ, ಆಲೂಗೆಡ್ಡೆಗೆ ಅಂಗಮಾರಿ ಬಂದು ಸೋತಿರುವ ಹಾಸನ, ಚಿಕ್ಕಮಗಳೂರಿನ ರೈತರಿಗೆ ಅದನ್ನು ನೋಡಿ ಆಸೆಯಾಗುವುದು ಸಹಜ. ಆದರೆ ಆ ವಿಡಿಯೊಗಳಲ್ಲಿ ಕಾನೂನಿನ ಮಾತು ಬರುವುದೇ ಇಲ್ಲ.

ಮೊದಲು ಗಿಡ ಯಾವುದೆಂದು ಖಚಿತಪಡಿಸಿಕೊಳ್ಳಿ. ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸೆಣಬು ಹಳದಿ ಹೂವಿನ ದ್ವಿದಳ ಸಸ್ಯ; ಅದಕ್ಕೆ ಯಾರ ಅನುಮತಿಯೂ ಬೇಡ. ಪುಂಡಿಯ ಎಲೆ ನೋಡಲು ಗಾಂಜಾ ಎಲೆಯಂತೆಯೇ ಇದ್ದರೂ ಅದು ಅಡುಗೆಯ ಸೊಪ್ಪು. ನಿರ್ಬಂಧವಿರುವುದು ಕ್ಯಾನಬಿಸ್, ಅಂದರೆ ಗಾಂಜಾ ಗಿಡಕ್ಕೆ. ಹೆಂಪ್ ಕೂಡ ಅದೇ ಗಿಡ, ಅಮಲೇರಿಸುವ ಟಿಎಚ್‌ಸಿ ಅಂಶ ಕಡಿಮೆಯಿರುವ ತಳಿ ಅಷ್ಟೇ.

ಮನೆಯಲ್ಲಿ ಬೆಳೆಯುವ ಯೋಚನೆಯಿದ್ದರೆ ಕೈಬಿಡಿ. 1985ರ ಮಾದಕವಸ್ತು ಕಾಯ್ದೆಯ 8ನೇ ಸೆಕ್ಷನ್ ಅನುಮತಿಯಿಲ್ಲದ ಕೃಷಿಯನ್ನು ನಿಷೇಧಿಸುತ್ತದೆ. ಹಿತ್ತಲಾಗಲಿ, ತಾರಸಿಯ ಕುಂಡವಾಗಲಿ, ಒಂದೆರಡು ಗಿಡಕ್ಕೆ ವಿನಾಯಿತಿ ಎಂಬುದು ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಬೆಳೆದದ್ದು ಸಾಬೀತಾದರೆ 10 ವರ್ಷಗಳವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ. ‘ಒಂದು ಕೆಜಿ ಒಳಗಿದ್ದರೆ ಸಣ್ಣ ಕೇಸು’ ಎಂದು ಧೈರ್ಯ ಹೇಳುವವರಿದ್ದಾರೆ. ಆ ಲೆಕ್ಕ ಗಾಂಜಾ ಇಟ್ಟುಕೊಂಡವರಿಗೆ, ಸಾಗಿಸಿದವರಿಗೆ. ಗಿಡ ಬೆಳೆದವರಿಗೆ ಅದು ಅನ್ವಯಿಸುವುದಿಲ್ಲ. ಇಂಥ ಮಾತು ನಂಬಿ ಹರೆಯದ ಹುಡುಗರು ಜೈಲು ಸೇರಬಾರದು.

ಅಂಗಡಿಯಲ್ಲಿ ಹೆಂಪ್ ಬೀಜ ಸಿಗುತ್ತದಲ್ಲ ಎಂದು ಕೇಳಬಹುದು. ಹೆಂಪ್ ಬೀಜ, ಅದರ ಎಣ್ಣೆ ಮತ್ತು ಹಿಟ್ಟನ್ನು ಆಹಾರವಾಗಿ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಅವಕಾಶ ಕೊಟ್ಟಿದೆ. ತಿನ್ನಲು ಕೊಂಡ ಬೀಜವನ್ನು ಮಣ್ಣಿಗೆ ಹಾಕಿದರೆ ಮಾತ್ರ ಅದು ಕೃಷಿಯಾಗುತ್ತದೆ, ಅಲ್ಲಿಂದ ಅಪರಾಧ.

ವಾಣಿಜ್ಯ ಬೆಳೆಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಕ್ಯಾನಬಿಸ್ ಕೃಷಿಗೆ ಅನುಮತಿ ಕೊಟ್ಟು ನಿಯಂತ್ರಿಸುವ ಅಧಿಕಾರವನ್ನು 10ನೇ ಸೆಕ್ಷನ್ ರಾಜ್ಯ ಸರ್ಕಾರಕ್ಕೆ ನೀಡಿದೆ. ನಾರು, ಬೀಜ ಅಥವಾ ತೋಟಗಾರಿಕೆಯ ಉದ್ದೇಶಕ್ಕೆ ಸರ್ಕಾರವು ಆದೇಶದ ಮೂಲಕ ಕೃಷಿಗೆ ಅವಕಾಶ ಕೊಡಬಹುದು ಎನ್ನುತ್ತದೆ 14ನೇ ಸೆಕ್ಷನ್. ಉತ್ತರಾಖಂಡ 2018ರಲ್ಲಿ ಈ ದಾರಿ ಹಿಡಿದು, ಟಿಎಚ್‌ಸಿ ಶೇ 0.3 ಮೀರದ ಹೆಂಪ್‌ಗೆ ಪರವಾನಗಿ ಕೊಟ್ಟಿತು. ಆ ಪರವಾನಗಿ ಸಕಲೇಶಪುರದ ತೋಟಕ್ಕೋ ಕಡೂರಿನ ಹೊಲಕ್ಕೋ ನಡೆಯುವುದಿಲ್ಲ. ಬೆಳೆ ಮರುಖರೀದಿಯ ಕರಾರು ಹಿಡಿದು ಯಾರಾದರೂ ಬಂದರೆ ಒಂದೇ ಕಾಗದ ಕೇಳಿ: ನಿಮ್ಮ ಹೆಸರು ಮತ್ತು ಸರ್ವೆ ನಂಬರ್ ಇರುವ ಸರ್ಕಾರದ ಅನುಮತಿ ಪತ್ರ. ಕಂಪನಿಯ ಕರಾರು ಪರವಾನಗಿಯಲ್ಲ. ಪತ್ರ ತೋರಿಸಿದರೂ ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಯಲ್ಲಿ ಅದನ್ನು ಪರಿಶೀಲಿಸಿಕೊಳ್ಳದೆ ಮುಂಗಡ ಮುಟ್ಟಬೇಡಿ.

ನನಗೆ ಹೆಚ್ಚು ಕಳವಳ ತರುವುದು ಜಮೀನು ಗುತ್ತಿಗೆಗೆ ಕೊಟ್ಟವರ ವಿಷಯ. ಶುಂಠಿಗೆಂದು ಹೊಲ ಬಿಟ್ಟುಕೊಟ್ಟು ವರ್ಷವಿಡೀ ಅತ್ತ ಸುಳಿಯದವರು ನಮ್ಮಲ್ಲಿ ಬಹಳ. ನಿಮ್ಮ ಜಮೀನಿನಲ್ಲಿ ಅಕ್ರಮವಾಗಿ ಈ ಗಿಡ ಬೆಳೆಯುತ್ತಿರುವುದು ಗೊತ್ತಿದ್ದೂ ಕೂಡಲೇ ತಿಳಿಸದಿದ್ದರೆ 46ನೇ ಸೆಕ್ಷನ್ ಪ್ರಕಾರ ಅದೇ ಅಪರಾಧ. ಬೆಳೆಯಲೆಂದೇ ಗೊತ್ತಿದ್ದು ಜಾಗ ಬಿಟ್ಟುಕೊಟ್ಟರೆ 25ನೇ ಸೆಕ್ಷನ್ ಅಡಿ ಬೆಳೆದವನಿಗೆ ಆಗುವ ಶಿಕ್ಷೆಯೇ ನಿಮಗೂ ಆದೀತು. ಆದ್ದರಿಂದ ಕರಾರಿನಲ್ಲಿ ಯಾವ ಬೆಳೆ ಎಂದು ಬರೆಸಿ, ಆಗಾಗ ಹೋಗಿ ಮೆಕ್ಕೆಜೋಳದ ಸಾಲಿನ ನಡುವೆಯೂ ಕಣ್ಣಾಡಿಸಿ.

ಅನುಮಾನದ ಗಿಡ ಕಂಡರೆ ಕೀಳಬೇಡಿ, ಮನೆಗಂತೂ ತರಲೇಬೇಡಿ. ಕೈಯಲ್ಲಿದ್ದರೆ ಅದು ಇಟ್ಟುಕೊಂಡ ಪ್ರಕರಣವಾಗಬಹುದು. ಇದ್ದಲ್ಲಿಯೇ ಫೋಟೊ ತೆಗೆದು ಹತ್ತಿರದ ಪೊಲೀಸ್ ಠಾಣೆಗೋ ಅಬಕಾರಿ ಕಚೇರಿಗೋ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಮಾದಕವಸ್ತು ಮಾಹಿತಿಗೆಂದೇ 1933 ಸಹಾಯವಾಣಿಯೂ ಇದೆ. ಅಧಿಕಾರಿಗಳು ಬಂದಾಗ ಸ್ಥಳದಲ್ಲಿದ್ದು ಮಹಜರಿನಲ್ಲಿ ಮಾಹಿತಿ ಕೊಟ್ಟವರು ನೀವೇ ಎಂಬುದು ದಾಖಲಾಗಿದೆಯೇ ಎಂದು ಓದಿ ನೋಡಿದ ಮೇಲಷ್ಟೇ ಸಹಿ ಹಾಕಿ.