ಕಾಂಡ್ಲಾ ನೆಡೋಕೆ ದುಡ್ಡು ಸಿಕ್ತು, ನೋಡ್ಕೊಳ್ಳೋಕೆ ಸಿಗ್ಲಿಲ್ಲ

ನಮ್ದು ಕುಮಟಾ ಕಡೆ, ಅಘನಾಶಿನಿ ಅಳಿವೆ ದಂಡೆಯ ಒಂದು ಸಣ್ಣ ಊರು. ಗಜನಿ (ಅಳಿವೆ ಪಕ್ಕದ ಉಪ್ಪುನೆಲದ ಗದ್ದೆ) ರೈತರ ಸಂಘದ ಲೆಕ್ಕ ಬರೆಯೋದು ನಾನೇ, ಹಾಗಾಗಿ ಕಾಂಡ್ಲಾ, ಅಂದ್ರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯೋ ಮ್ಯಾಂಗ್ರೋವ್ ಗಿಡ, ನೆಟ್ಟ ಕತೆಗಿಂತ ಅದಕ್ಕೆ ದುಡ್ಡು ಹೊಂದಿಸಿದ ಕತೆ ನಂಗೆ ಚೆನ್ನಾಗಿ ಗೊತ್ತು.

ಶುರು ಆಗಿದ್ದು ಕಟ್ಟೆಯಿಂದ. ಗಜನೀಲಿ ಮಳೆಗಾಲಕ್ಕೆ ಉಪ್ಪು ತಡೆಯೋ ಕಗ್ಗ ಭತ್ತ, ಅದು ಕೊಯ್ದ ಮೇಲೆ ಅದೇ ಗದ್ದೇಲಿ ಸಿಗಡಿ, ಮೀನು. ಹೊಳೆಯ ಉಪ್ಪುನೀರು ಒಳಗೆ ನುಗ್ಗಬಾರ್ದು ಅಂತ ಖಾರ್‌ಲ್ಯಾಂಡ್ ಕಟ್ಟೆ ಇದೆ, ಅದು ಮಳೆಗಾಲದಲ್ಲಿ ಎಲ್ಲಾದ್ರೂ ಒಂದ್ಕಡೆ ಒಡೆಯೋದೇ, ಆದ್ರೆ ಎದುರಿಗೆ ಕಾಂಡ್ಲಾ ದಟ್ಟವಾಗಿರೋ ಕಡೆ ಒಡೆದಿದ್ದು ನಮ್ಮಲ್ಲಿ ಯಾರಿಗೂ ನೆನಪಿಲ್ಲ. ಹಂಗಾದ್ರೆ ಉಳಿದ ಕಡೆನೂ ನೆಡೋಣ ಅಂದ್ರೆ ಮೀಟಿಂಗಲ್ಲಿ ದೊಡ್ಡ ಗಲಾಟೆ. "ಇವತ್ತು ಗಿಡ, ನಾಳೆ ಫಾರೆಸ್ಟ್‌ನವ್ರು, ನಾಡಿದ್ದು ಗದ್ದೇನೇ ಇಲ್ಲ" ಅಂದ್ರು ಒಬ್ರು ಹಿರಿಯರು. ಆ ಹೆದರಿಕೆ ಸುಮ್ನೆ ಅಲ್ಲ, ಕಾಂಡ್ಲಾ ಇರೋ ಜಾಗ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಒಂದು-ಎಗೆ ಸೇರುತ್ತೆ, ಅಲ್ಲಿ ನಿರ್ಬಂಧ ಜೋರು. ಕೊನೆಗೆ ಕಟ್ಟೆಯ ಹೊರಗೆ, ಹೊಳೆ ಕಡೆಯ ಕೆಸರಲ್ಲಿ ಮಾತ್ರ, ಅರಣ್ಯ ಇಲಾಖೆ ಒಪ್ಪಿಗೆ ತಗೊಂಡೇ ನೆಡೋದು ಅಂತ ಠರಾವು ಬರೆದು ಎಲ್ರ ಸಹಿ ತಗೊಂಡ್ವಿ. ಈ ಒಂದು ಹಾಳೆಗೆ ಐದು ಮೀಟಿಂಗ್ ಬೇಕಾಯ್ತು. ಅದಕ್ಕೆ ಯಾವ ದಾನಿಯೂ ದುಡ್ಡು ಕೊಡಲ್ಲ ಬಿಡಿ.

ದುಡ್ಡು ಹುಡುಕೋಕೆ ಹೊರಟಾಗ ಮೊದ್ಲು ಸಿಕ್ಕಿದ್ದು ಒಂದು ಕಂಪನಿಯ ಸಿಎಸ್‌ಆರ್, ಅಂದ್ರೆ ಸಮಾಜದ ಕೆಲಸಕ್ಕೆ ಅಂತ ಕಂಪನಿ ಕೊಡೋ ದುಡ್ಡು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ 2% ಇಂಥದ್ದಕ್ಕೆ ಖರ್ಚು ಮಾಡ್ಲೇಬೇಕು, ಹಾಗಾಗಿ ಫೆಬ್ರವರಿ ಬಂತು ಅಂದ್ರೆ ಎಲ್ರಿಗೂ ಅರ್ಜೆಂಟು. ನಮಗೂ ಮಂಜೂರಾತಿ ಬಂದಿದ್ದು ಫೆಬ್ರವರೀಲೇ, ಮಾರ್ಚ್ 31ರೊಳಗೆ ಮುಗಿಸಿ ಅಂದ್ರು. ಕಾಂಡ್ಲಾ ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿ ಥರ ಜೋತುಬಿದ್ದು ಬಲಿಯೋದು ಮಳೆ ಹಿಡಿದ ಮೇಲೆ, ಬೇಸಿಗೇಲಿ ಎಲ್ಲಿಂದ ತರೋದು? ಕಡೆಗೆ ನರ್ಸರಿ ಚಪ್ಪರ, ಪಾಲಿಥಿನ್ ಚೀಲ, ದೋಣಿ ಬಾಡಿಗೆ ಅಂತ ಮೊದ್ಲೇ ಬಿಲ್ ಆಗೋದನ್ನೆಲ್ಲ ಮಾಡ್ಕೊಂಡು, ಬೀಜ ಆರಿಸೋ ಕೂಲಿಗೆ ಸಂಘದ ದುಡ್ಡು ಹಾಕಿದ್ವಿ.

ಆ ಕೂಲಿನ ಆಮೇಲಾದ್ರೂ ಕಂಪನಿಯ ಲೆಕ್ಕಕ್ಕೆ ಹಾಕೋಣ ಅಂದ್ರೆ ಅವ್ರು ಜಿಎಸ್‌ಟಿ ಬಿಲ್ ಕೇಳಿದ್ರು. ಬಳಚು (ಚಿಪ್ಪುಮೀನು) ಹೆಕ್ಕೋ ಹೆಂಗಸ್ರು ಬುಟ್ಟಿ ತುಂಬ ಬೀಜ ತಂದು ಜಗಲಿ ಮೇಲೆ ಸುರಿದಿದಾರೆ, ಕೈಯೆಲ್ಲ ಕೆಸರು, ನಾನು ವೋಚರ್ ಪುಸ್ತಕ ಹಿಡ್ಕೊಂಡು ಕೂತಿದೀನಿ. ಒಬ್ಬ ಅಜ್ಜಿ ಹೆಬ್ಬೆಟ್ಟನ್ನ ಸೀರೆಗೆ ಒರೆಸಿ ಒತ್ತಿದ್ರು, ಆದ್ರೂ ಮಸಿ ಜತೆ ಕೆಸರೂ ಮೂಡಿತ್ತು. "ತಮಾ, ಹೊಳೆ ಬೀಜಕ್ಕೂ ರಸೀದಿನಾ?" ಅಂತ ನಕ್ರು. ಆ ವೋಚರ್ ಆಡಿಟರ್ ಹತ್ರ ಹೋಗಿ ವಾಪಸ್ ಬಂತು, ಗುರುತು ಸ್ಪಷ್ಟ ಇಲ್ವಂತೆ.

ಉದ್ಯೋಗ ಖಾತ್ರೀಲೂ ನೋಡಿದ್ವಿ. 2023-24ರಲ್ಲಿ ದಿನಕ್ಕೆ 316 ರೂಪಾಯಿ ಕೂಲಿ, ಕಮ್ಮಿ ಏನಲ್ಲ, ಆದ್ರೆ ಹಾಜರಿಗೆ ಆ್ಯಪಲ್ಲಿ ದಿನಕ್ಕೆ ಎರಡು ಫೋಟೊ ಹಾಕ್ಬೇಕಿತ್ತು, ನಡುವೆ ಗಂಟೆಗಟ್ಲೆ ಅಂತರ ಇರ್ಬೇಕಿತ್ತು. ಇಳಿತ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ, ಕೆಸರಲ್ಲಿ ನಿಂತು ನೆಡೋಕೆ ಸಿಗೋದು ಮೂರು ತಾಸು. ಎರಡನೇ ಫೋಟೊ ಹೊತ್ತಿಗೆ ನೆಟ್ಟ ಜಾಗದ ಮೇಲೆ ಎದೆಮಟ್ಟ ನೀರು. ಕೇಂದ್ರದ ಮಿಷ್ಟಿ ಯೋಜನೆ (ಕಾಂಡ್ಲಾ ಬೆಳೆಸೋಕೆ, 2023ರ ಬಜೆಟ್‌ದು, ಗುರಿ 540 ಚದರ ಕಿ.ಮೀ.) ಬಗ್ಗೆನೂ ವಿಚಾರಿಸಿದ್ವಿ, ಅದು ಇಲಾಖೆ ಮೂಲಕವೇ ನಡೆಯೋದು. ವಿದೇಶಿ ದುಡ್ಡು ಅಂದ್ರೆ ವಿದೇಶಿ ದೇಣಿಗೆ ಕಾಯ್ದೆ (ಎಫ್‌ಸಿಆರ್‌ಎ), ನಮ್ಮಂಥ ಸಂಘಕ್ಕೆ ಆಗದ ಮಾತು. 2024ರ ಜನವರೀಲಿ ಅಳಿವೆಗೆ ರಾಮ್ಸಾರ್ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಪಟ್ಟ ಬಂತು, 4,801 ಹೆಕ್ಟೇರ್. ಅದರ ಜತೆ ಕ್ಯಾಮೆರಾ ಬಂದಷ್ಟು ದುಡ್ಡು ಬರ್ಲಿಲ್ಲ.

ನಿಜವಾದ ಪೆಟ್ಟು ಬಿದ್ದಿದ್ದು ಮೊದಲ ಸಾಲಲ್ಲೇ. ಉತ್ಸಾಹದಲ್ಲಿ ತೀರಾ ತಗ್ಗಿಗೆ ನೆಟ್ಟಿದ್ವಿ, ಸಸಿಗಳು ಹೆಚ್ಚು ಹೊತ್ತು ಮುಳುಗಿರ್ತಿದ್ವು, ಕಾಂಡಕ್ಕೆಲ್ಲ ಸಣ್ಣ ಚಿಪ್ಪು ಕಚ್ಕೊಂಡು ಭಾರಕ್ಕೆ ಬಾಗಿದ್ವು, ಹರಿದ ಬಲೆ, ಪ್ಲಾಸ್ಟಿಕ್ ಸುತ್ಕೊಂಡು ಕೆಲವು ಬುಡಸಮೇತ ಕಿತ್ತು ಬಂದ್ವು. ಮತ್ತೆ ನೆಡ್ಬೇಕು ಅಂತ ಕಂಪನಿಗೆ ಕೇಳಿದ್ರೆ, "ನೆಟ್ಟಾಗಿದೆ ಅಂತ ರಿಪೋರ್ಟ್ ಕೊಟ್ಟಿದೀರಲ್ಲ" ಅಂದ್ರು. ಕೊಟ್ಟಿದ್ದು ನಾನೇ, ಏನ್ ಹೇಳೋದು.

ಆಮೇಲೆ ದಾರಿ ಸಿಕ್ಕಿದ್ದು ಊರಲ್ಲೇ. ಗಜನಿ ಮೀನು ಹಿಡಿಯೋ ಹಕ್ಕನ್ನ ಸಂಘ ವರ್ಷಾ ಹರಾಜು ಹಾಕುತ್ತೆ, ಆ ದುಡ್ಡು ಎಕರೆ ಲೆಕ್ಕದಲ್ಲಿ ಹಂಚಿಕೆ ಆಗುತ್ತೆ. ಹಂಚೋ ಮುಂಚೆ ಒಂದು ಪಾಲು ಕಟ್ಟೆ ರಿಪೇರಿಗೆ ಅಂತ ತೆಗೆದಿಡೋದು ಇದ್ದೇ ಇತ್ತು. ಅದರಲ್ಲೇ ಒಂದಿಷ್ಟು ಕಾಂಡ್ಲಾಗೆ ಅಂತ ಬರೆದ್ವಿ. "ಗಿಡ" ಅಂದಿದ್ರೆ ಯಾರೂ ಒಪ್ತಿರ್ಲಿಲ್ಲ, "ಕಟ್ಟೆ" ಅಂದಿದ್ದಕ್ಕೆ ಒಪ್ಪಿದ್ರು. ಈಗ ಬಳಚಿಗೆ ಇಳಿಯೋ ಹೆಂಗಸ್ರೇ ವಾರಕ್ಕೊಮ್ಮೆ ಸಸಿಗೆ ಸಿಕ್ಕ ಬಲೆ, ಪ್ಲಾಸ್ಟಿಕ್ ಬಿಡಿಸ್ತಾರೆ, ಸತ್ತಿದ್ದು ಎಷ್ಟು ಅಂತ ಹೇಳ್ತಾರೆ, ಕೈಗೇ ಕೂಲಿ, ನನ್ನ ನೋಟ್‌ಬುಕ್ಕಲ್ಲಿ ಒಂದು ಗೆರೆ.

ಸಿಎಸ್‌ಆರ್ ಬಿಟ್ಟಿಲ್ಲ. ಈ ಸಲದ ಅರ್ಜೀಲಿ ಗಿಡದ ಸಂಖ್ಯೆ ಅರ್ಧ ಮಾಡಿ, ಮೂರು ವರ್ಷದ ನಿರ್ವಹಣೆ ಅಂತ ಸೇರಿಸಿದೀನಿ, ಒಂದೇ ವರ್ಷಕ್ಕೆ ಮುಗಿಯದ ಯೋಜನೆಗೂ ನಿಯಮದಲ್ಲಿ ಅವಕಾಶ ಇದೆ. ಸಂಖ್ಯೆ ಯಾಕೆ ಕಮ್ಮಿ ಅಂತ ಫೋನ್ ಬಂದಿತ್ತು, ಆಮೇಲೆ ಸುದ್ದಿ ಇಲ್ಲ. ಮಳೆಗೆ ಮುಂಚೆ ಚೀಲಕ್ಕೆ ಮಣ್ಣು ತುಂಬ್ಬೇಕು, ಹರಾಜಿನ ದುಡ್ಡಲ್ಲೇ ಶುರು ಮಾಡಿದೀವಿ.